ಒಂಬತ್ತು ಮಿಲಿಮೀಟರ್ ಹಳಿಯ ಮೇಲೆ ನಂದಿ ರೈಲು

762ನ್ನು 87ರಿಂದ ಭಾಗಿಸಿದರೆ ಬರುವುದು 8.76. ಮಾದರಿ ರೈಲು ಕಟ್ಟುವವರ ಮಟ್ಟಿಗೆ ದೇವನಹಳ್ಳಿ ಸೀಮೆಯ ಅತಿ ಸಿಹಿಯಾದ ಲೆಕ್ಕ ಇದು. ಯಲಹಂಕದಿಂದ ಹೊರಟು ದೇವನಹಳ್ಳಿ, ನಂದಿ ಹಾದು ಚಿಕ್ಕಬಳ್ಳಾಪುರ ಸೇರುತ್ತಿದ್ದ ಹಳೆಯ ನ್ಯಾರೋಗೇಜ್ ಮಾರ್ಗದಲ್ಲಿ ಎರಡು ಹಳಿಗಳ ನಡುವಿನ ಅಂತರ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಮಾದರಿ ರೈಲಿನ ಲೋಕದಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಎಚ್‌ಓ ಪ್ರಮಾಣದಲ್ಲಿ ಪ್ರತಿಯೊಂದೂ ಅಸಲಿನ 87ನೇ ಒಂದು ಪಾಲು. ಆ ಪ್ರಮಾಣಕ್ಕೆ ಇಳಿಸಿದರೆ ನಂದಿ ರೈಲಿನ ಹಳಿ ಒಂಬತ್ತು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಒಂಬತ್ತು ಮಿಲಿಮೀಟರ್ ಹಳಿ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುತ್ತದೆ. ಗರಗಸ, ಅರ ಹಿಡಿದು ಕೂರಬೇಕಾಗಿಲ್ಲ.

ಈ ಭಾಗ್ಯ ಭಾರತದ ಬ್ರಾಡ್‌ಗೇಜಿಗೆ ಇಲ್ಲ. 1676 ಮಿಲಿಮೀಟರ್ ಅಗಲದ ಹಳಿ ಎಚ್‌ಓ ಪ್ರಮಾಣದಲ್ಲಿ 19.3 ಮಿಲಿಮೀಟರ್ ಆಗಬೇಕು. ಮಾರುಕಟ್ಟೆಯಲ್ಲಿ ಸಿಗುವ ಎಚ್‌ಓ ಹಳಿ 16.5 ಮಿಲಿಮೀಟರಿನದು; ಅದು 1435 ಮಿಲಿಮೀಟರಿನ ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜಿಗೆ ಮಾಡಿದ್ದು. ಹಾಗಾಗಿ ಶತಾಬ್ದಿ, ರಾಜಧಾನಿ ಗಾಡಿಗಳ ಮಾದರಿಗಳನ್ನು ಎದುರಿನಿಂದ ನೋಡಿದಾಗ ಮೈ ದಪ್ಪ, ಕಾಲು ಸಣ್ಣ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಆ ಹಳಿಗೆ ಕರಾರುವಾಕ್ಕಾಗಿ ಹೊಂದುವ ಗಾಡಿ ಒಂದೇ, ನಮ್ಮ ಮೆಟ್ರೊ. ಅದರ ಹಳಿ 1435 ಮಿಲಿಮೀಟರಿನದು.

ಕುಂದಾಣದಲ್ಲಿ ನಿಂತರೆ ಈ ಗೇಜುಗಳ ಕಥೆ ಎರಡೂ ಕಡೆ ಹರಡಿಕೊಂಡಿದೆ. ಹೊಯ್ಸಳ ರಾಮನಾಥನ ರಾಜಧಾನಿ ಎಂದು ಕೆಲವು ಇತಿಹಾಸಕಾರರು ಗುರುತಿಸುವ ಈ ಊರಿನ ಪೂರ್ವಕ್ಕೆ ದೇವನಹಳ್ಳಿ, ಪಶ್ಚಿಮಕ್ಕೆ ದೊಡ್ಡಬಳ್ಳಾಪುರ. ದೊಡ್ಡಬಳ್ಳಾಪುರದ ಮೇಲೆ ಹಾದು ಗೌರಿಬಿದನೂರು, ಹಿಂದೂಪುರ, ಗುಂತಕಲ್ಲಿಗೆ ಹೋಗುವ ದಾರಿ 19ನೇ ಶತಮಾನದ ಕೊನೆಯ ದಶಕದಲ್ಲಿ ಮೀಟರ್‌ಗೇಜಾಗಿ ಬಂದಿತ್ತು. ದೇವನಹಳ್ಳಿಯ ಕಡೆಯದು 1915ರ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ, ನ್ಯಾರೋಗೇಜ್. ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ ಅದು. ಅವರ ಹುಟ್ಟೂರು ಮುದ್ದೇನಹಳ್ಳಿ ಇರುವುದೂ ಇದೇ ಚಿಕ್ಕಬಳ್ಳಾಪುರದ ಪಕ್ಕದಲ್ಲಿ. ಈಗ ಎರಡೂ ಬ್ರಾಡ್‌ಗೇಜ್. ಯಲಹಂಕ–ಚಿಕ್ಕಬಳ್ಳಾಪುರ ತುಂಡು 1990ರ ದಶಕದಲ್ಲಿ ಬದಲಾಯಿತು. ಅಲ್ಲಿಂದ ಮುಂದಕ್ಕೆ ಕೋಲಾರದವರೆಗಿನ ತುಂಡು ಬ್ರಾಡ್‌ಗೇಜಾಗಿ ತೆರೆದದ್ದು 2013ರಲ್ಲಿ.

ಹಳಿ ಹೋಯಿತು, ಸ್ಟೇಷನ್ ಕಟ್ಟಡಗಳು ಉಳಿದವು. ಮಾದರಿ ರೈಲು ಹವ್ಯಾಸಿಗಳ ಒಂದು ದಿನದ ತಿರುಗಾಟಕ್ಕೆ ಈ ಸೀಮೆಯಲ್ಲಿ ಸಿಗುವ ನಿಜವಾದ ಮ್ಯೂಸಿಯಂ ಇದೇ: ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಬಹಳ ಕಾಲ ಪಾಳು ಬಿದ್ದಿದ್ದ ಈ ನಾಲ್ಕೂ ಕಟ್ಟಡಗಳ ಜೀರ್ಣೋದ್ಧಾರಕ್ಕೆ ನೈಋತ್ಯ ರೈಲ್ವೆಯೊಂದಿಗೆ ಒಪ್ಪಂದ ಮಾಡಿಕೊಂಡು ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಹಾಕಿತು. ಅರಮನೆ, ದೇವಸ್ಥಾನಗಳಿಗೆ ಸಿಗುವ ಗೌರವ ಹಳ್ಳಿಯ ರೈಲ್ವೆ ಸ್ಟೇಷನ್ನಿಗೂ ಸಿಗುವುದು ಅಪರೂಪ. ಆ ಕೆಲಸವನ್ನು ಹೋಗಿ ನೋಡುವುದೇ ಅದಕ್ಕೆ ಸಲ್ಲಿಸುವ ಮೊದಲ ಮರ್ಯಾದೆ.

ಮಾದರಿ ರೈಲು ಕಟ್ಟುವವರು ಗುಂಪು ಕಟ್ಟಿಕೊಂಡು ಮ್ಯೂಸಿಯಂ ನೋಡಲು ಹೋಗುವುದು ಹೊಸ ರೂಢಿಯಲ್ಲ. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ ಶುರುವಾಗಿದ್ದು 1910ರಲ್ಲಿ, ನಂದಿ ರೈಲು ಓಡುವುದಕ್ಕೂ ಐದು ವರ್ಷ ಮೊದಲು. ಭಾರತದಲ್ಲಿ ರೈಲು ಪ್ರೇಮಿಗಳನ್ನು ಒಂದುಗೂಡಿಸಿದ ಐಆರ್‌ಎಫ್‌ಸಿಎ ಬಳಗ 1989ರಲ್ಲಿ ಅಮೆರಿಕದಲ್ಲಿದ್ದ ಭಾರತೀಯರಿಂದ ಆರಂಭವಾಯಿತು. ಪುಣೆಯಲ್ಲಿ ಭಾವುಸಾಹೇಬ್ ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ಮ್ಯೂಸಿಯಂ 1998ರಿಂದ ಜನರಿಗೆ ತೆರೆದಿದೆ. ಕರ್ನಾಟಕದಲ್ಲಿ ಈ ಹವ್ಯಾಸದವರು ಅಲ್ಲೊಬ್ಬರು ಇಲ್ಲೊಬ್ಬರು. ಹೆಚ್ಚಿನವರು ಮನೆಯ ಮೇಲಿನ ಕೋಣೆಯಲ್ಲಿ, ಮಂಚದ ಕೆಳಗೆ ತಳ್ಳಿಡುವ ಪ್ಲೈವುಡ್ ಹಲಗೆಯ ಮೇಲೆ ಒಬ್ಬರೇ ಕೆಲಸ ಮಾಡುತ್ತಾರೆ. ತಿರುಗಾಟದ ಲಾಭ ಇರುವುದು ಇಲ್ಲೇ: ಒಬ್ಬ ಕೋಲು ಹಿಡಿದರೆ ಇನ್ನೊಬ್ಬ ಫೋಟೊ ತೆಗೆಯುತ್ತಾನೆ, ಮತ್ತೊಬ್ಬಳು ಅಳತೆ ಬರೆದುಕೊಳ್ಳುತ್ತಾಳೆ.

ಕೋಲು ಎಂದರೆ ಕರಿ–ಬಿಳಿ ಪಟ್ಟೆ ಬಳಿದ ಒಂದು ಮೀಟರ್ ಉದ್ದದ ರೀಪು. ಕಟ್ಟಡದ ಗೋಡೆಗೆ ಅದನ್ನು ಒರಗಿಸಿ, ಗೋಡೆಗೆ ನೇರ ಎದುರಾಗಿ, ಸಾಧ್ಯವಾದಷ್ಟು ದೂರ ನಿಂತು ಫೋಟೊ ತೆಗೆಯಬೇಕು. ಹತ್ತಿರದಿಂದ ತೆಗೆದರೆ ಸೂರು ಹಿಂದಕ್ಕೆ ವಾಲುತ್ತದೆ, ಅಳತೆ ಕೆಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಆ ಕೋಲು 11.5 ಮಿಲಿಮೀಟರ್ ಆಗುವಂತೆ ಮಾಡಿದರೆ ಬಾಗಿಲು, ಕಿಟಕಿ, ಗೋಡೆಯ ಎತ್ತರ ಎಲ್ಲವೂ ಎಚ್‌ಓ ಪ್ರಮಾಣದಲ್ಲಿ ಕಾಗದದ ಮೇಲೆ ಬರುತ್ತದೆ. ಕೈಗೆಟುಕದ ಎತ್ತರಕ್ಕೆ ಇನ್ನೊಂದು ಉಪಾಯ ಇದೆ. ಕಲ್ಲಿನ ಗೋಡೆಯಾದರೆ ಒಂದು ವರಸೆಯ ದಪ್ಪ ಅಳೆದುಕೊಂಡು, ನೆಲದಿಂದ ಸೂರಿನವರೆಗೆ ಎಷ್ಟು ವರಸೆ ಎಂದು ಎಣಿಸಿದರೆ ಸಾಕು.

ಹೆಂಚಿನ ಚಾವಣಿಯ ಮುಂದೆ ಎಷ್ಟು ಹೊತ್ತು ನಿಂತರೂ ಹೆಚ್ಚಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಅಲ್ಲಿಯ ಹೆಂಚು ದಕ್ಷಿಣ ಭಾರತದ ರೈಲ್ವೆ ಸ್ಟೇಷನ್ನು, ಶಾಲೆ, ಕಚೇರಿಗಳ ತಲೆಯ ಮೇಲೆಲ್ಲ ಕೂತಿತು. ಒಂದು ಹೆಂಚು ಉದ್ದಕ್ಕೆ ಸುಮಾರು 410, ಅಗಲಕ್ಕೆ ಸುಮಾರು 240 ಮಿಲಿಮೀಟರ್. 87ರ ಪಾಲಿನಲ್ಲಿ ಅದು 4.7 ಗುಣಿಸು 2.8 ಮಿಲಿಮೀಟರ್. ಒಂದರ ಮೇಲೊಂದು ಹತ್ತಿ ಕೂರುವುದರಿಂದ ಕಣ್ಣಿಗೆ ಕಾಣುವುದು ಇನ್ನೂ ಕಡಿಮೆ. ಅಂಗಡಿಯಲ್ಲಿ ಸಿಗುವ ಯುರೋಪಿನ ಹೆಂಚಿನ ಪ್ಲಾಸ್ಟಿಕ್ ಹಾಳೆ ತಂದು ಅಂಟಿಸಿದರೆ ಕಟ್ಟಡ ಬವೇರಿಯದ ಹಳ್ಳಿಯದಾಗಿಬಿಡುತ್ತದೆ. ಮಂಗಳೂರು ಹೆಂಚಿನ ಎರಡು ತಗ್ಗು ಗೆರೆ, ತುದಿಯ ಮೂಗು, ಕೂಡುಗೆರೆಯ ಮೇಲಿನ ಮೂಲೆ ಹೆಂಚು, ಇವು ಬಂದರೆ ಮಾತ್ರ ಅದು ದೇವನಹಳ್ಳಿ. ಈಗ ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡವರು ಒಂದು ಹೆಂಚನ್ನು ಚೆನ್ನಾಗಿ ಅಳೆದು ತಂದರೆ ಇಡೀ ಚಾವಣಿ ಮುದ್ರಿಸಬಹುದು. ಒಂದೇ ಎಚ್ಚರ: ಎಲ್ಲ ಹೆಂಚಿಗೂ ಒಂದೇ ಕೆಂಪು ಬಳಿಯಬಾರದು. ಮಳೆ ನೀರು ಇಳಿಯುವ ಕಡೆ ಪಾಚಿ ಕಟ್ಟಿ ಕಪ್ಪಾಗಿರುತ್ತದೆ, ಬದಲಾಯಿಸಿದ ಹೆಂಚು ಅರಿಶಿನಗೆಂಪಾಗಿರುತ್ತದೆ. ಅಸಲಿ ಚಾವಣಿಯ ಒಂದು ಚದರ ಗಜದಲ್ಲಿ ನಾಲ್ಕೈದು ಬಣ್ಣ ಎಣಿಸಬಹುದು.

ಮಣ್ಣಿನ ವಿಷಯಕ್ಕೆ ಬಂದರೆ ಈ ಸೀಮೆಯವರು ಅದೃಷ್ಟವಂತರು. ವಿದೇಶದ ಹವ್ಯಾಸಿಗಳು ಡಬ್ಬಿಯಲ್ಲಿ ಬರುವ ಬಣ್ಣದ ಪುಡಿಯನ್ನು ದುಡ್ಡು ಕೊಟ್ಟು ತರಿಸುತ್ತಾರೆ. ದೇವನಹಳ್ಳಿಯ ಕೆಮ್ಮಣ್ಣನ್ನು ಒಂದು ಹಿಡಿ ತಂದು, ಒಣಗಿಸಿ, ತೆಳುಬಟ್ಟೆಯಲ್ಲಿ ಸೋಸಿದರೆ ಪ್ಲಾಟ್‌ಫಾರಂ ಮಣ್ಣು ಸಿದ್ಧ. ಅದನ್ನು ಹಲಗೆಯ ಮೇಲೆ ಹರಡುವ ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿದ ಅಯಸ್ಕಾಂತವನ್ನು ನಾಲ್ಕು ಸಲ ಆಡಿಸಲೇಬೇಕು. ಕೆಮ್ಮಣ್ಣಿನಲ್ಲಿ ಕಬ್ಬಿಣದ ಕಣಗಳಿರುತ್ತವೆ. ಅವು ಎಂಜಿನ್ನಿನ ಮೋಟರಿನ ಅಯಸ್ಕಾಂತಕ್ಕೆ ಹೋಗಿ ಕಚ್ಚಿಕೊಂಡರೆ ಮೋಟರು ಸುಡುತ್ತದೆ.

ಹಳಿಯ ಜಲ್ಲಿಗೂ ದೂರ ಹೋಗಬೇಕಿಲ್ಲ. ರೈಲ್ವೆ ಜಲ್ಲಿಯ ದೊಡ್ಡ ಕಲ್ಲು 65 ಮಿಲಿಮೀಟರ್ ಇರಬಹುದು, ಅಂದರೆ ಎಚ್‌ಓದಲ್ಲಿ ಮುಕ್ಕಾಲು ಮಿಲಿಮೀಟರ್. ಮನೆ ಕಟ್ಟುವ ಕಡೆ ರಾಶಿ ಬಿದ್ದಿರುವ ಎಂ-ಸ್ಯಾಂಡನ್ನು ಎರಡು ಜಾಲರಿಯಲ್ಲಿ ಜರಡಿ ಹಿಡಿದು ನಡುವಿನದನ್ನು ಉಳಿಸಿಕೊಂಡರೆ ಅದೇ ಜಲ್ಲಿ. ಹೊಳೆ ಮರಳಿನ ಕಾಳು ಉರುಟು, ಎಂ-ಸ್ಯಾಂಡಿನದು ಕಲ್ಲು ಒಡೆದ ಅಂಚು. ಪಕ್ಕದಿಂದ ಬೆಳಕು ಬಿದ್ದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ, ಫಿಲ್ಲರಿನಲ್ಲಿ ತೊಟ್ಟಿಕ್ಕಿಸಿದರೆ ಕಾಳು ಕದಲದೆ ಅಂಟು ಇಳಿಯುತ್ತದೆ.

ತಿರುಗಾಟದ ದಾರಿ ಹೀಗೆ: ಬೆಳಗಿನ ಬೆಳಕು ಓರೆಯಾಗಿ ಬೀಳುವಾಗ ದೊಡ್ಡಜಾಲ, ಅಲ್ಲಿಂದ ಉತ್ತರಕ್ಕೆ ದೇವನಹಳ್ಳಿ. ಮಧ್ಯೆ ಸಿಗುವ ವಿಮಾನ ನಿಲ್ದಾಣದ ಹಾಲ್ಟ್ 2021ರ ಜನವರಿಯಲ್ಲಿ ತೆರೆದದ್ದು. ಒಂದೇ ಮಾರ್ಗದ ಎರಡು ಶತಮಾನಗಳನ್ನು ಹೋಲಿಸಲು ಅಲ್ಲೊಂದು ಹತ್ತು ನಿಮಿಷ ನಿಂತರೆ ಆಯಿತು. ದೇವನಹಳ್ಳಿಯಲ್ಲಿ ತಿಂಡಿ, ಸೀಸನ್ ಆಗಿದ್ದರೆ ಚಕ್ಕೋತ. ಮಧ್ಯಾಹ್ನದ ಹೊತ್ತಿಗೆ ಆವತಿಹಳ್ಳಿ, ಬಿಸಿಲು ಇಳಿಯುವಾಗ ನಂದಿ ಹಾಲ್ಟ್. ಬೆಟ್ಟ ಹಿನ್ನೆಲೆಗೆ ಬರುವುದರಿಂದ ನಂದಿ ಹಾಲ್ಟಿಗೇ ಹೆಚ್ಚು ಸಮಯ ಇಡುವುದು ಲೇಸು. ಮಾದರಿಯ ಹಿಂದಿನ ಪರದೆಗೆ ಬೇಕಾದ ನಂದಿಬೆಟ್ಟದ ಫೋಟೊ ಇಲ್ಲೇ ಸಿಗಬೇಕು. ಈ ಮಾರ್ಗದಲ್ಲಿ ಇಂದಿಗೂ ಗಾಡಿ ಓಡುತ್ತದೆ. ಹಳಿ ದಾಟಿ ನಡೆಯುವುದು, ಹಳಿಯ ಮೇಲೆ ಕೋಲು ಇಟ್ಟು ಅಳೆಯುವುದು ಅಪಾಯ, ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಅಳತೆ ಏನಿದ್ದರೂ ಪ್ಲಾಟ್‌ಫಾರಂ ಮತ್ತು ಕಟ್ಟಡದ್ದು, ಅದೂ ಅಲ್ಲಿಯ ಸಿಬ್ಬಂದಿಯ ಒಪ್ಪಿಗೆ ಪಡೆದು.

ಕಟ್ಟಡ ಸಿಕ್ಕಿತು, ಗಾಡಿ? ಅದಕ್ಕೆ ಮೈಸೂರಿಗೆ ಹೋಗಬೇಕು, ಇನ್ನೊಂದು ದಿನ ಇಟ್ಟುಕೊಂಡು. ಕೃಷ್ಣರಾಜಸಾಗರ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗಿರುವ ಮೈಸೂರಿನ ರೈಲು ಮ್ಯೂಸಿಯಂ ತೆರೆದದ್ದು 1979ರಲ್ಲಿ. ದಿಲ್ಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ರೈಲು ಮ್ಯೂಸಿಯಂ 1977ರಲ್ಲಿ ಆದ ಮೇಲೆ ದೇಶದ ಎರಡನೆಯದು ಇದು. ಅಲ್ಲಿಯ ಚಾಮುಂಡಿ ಗ್ಯಾಲರಿಯಲ್ಲಿ ಹಳೆಯ ಫೋಟೊ, ಚಿತ್ರಗಳಿವೆ. ಶ್ರೀರಂಗ ಮಂಟಪದಲ್ಲಿ ಮೈಸೂರು ಅರಸರ ಎರಡು ಬೋಗಿಗಳಿವೆ. ಎಲ್ಲರೂ ಮುಗಿಬೀಳುವುದು 1899ರ ಮಹಾರಾಣಿ ಸಲೂನಿಗೆ. ಅಡುಗೆಮನೆ, ಊಟದ ಕೋಣೆ, ಶೌಚಾಲಯ ಸಹಿತ ಚಕ್ರದ ಮೇಲೆ ಅರಮನೆ ಅದು. ಹವ್ಯಾಸಿ ಅದರ ಕೆಳಗೆ ಬಗ್ಗಿ ನೋಡಬೇಕು. ಒಳಗಿನ ಮರಗೆಲಸ ಎಲ್ಲ ಪುಸ್ತಕದಲ್ಲೂ ಅಚ್ಚಾಗಿದೆ. ಅಡಿಯ ಚೌಕಟ್ಟು, ಸ್ಪ್ರಿಂಗು, ಬ್ರೇಕಿನ ಸರಳು, ಅಚ್ಚಿನ ಪೆಟ್ಟಿಗೆ ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗುವುದಿಲ್ಲ. ಮಾದರಿ ಬೋಗಿ ಅಸಲಿಯಂತೆ ಕಾಣುವುದು ಬಣ್ಣದಿಂದಲ್ಲ, ಈ ಅಡಿಯ ಕೆಲಸದಿಂದ.

ಮೈಸೂರಿನ ಅರಸರ ಗಾಡಿಗಳು ಓಡಿದ್ದು ಮೀಟರ್‌ಗೇಜಿನ ಮೇಲೆ. ಬೆಂಗಳೂರು–ಮೈಸೂರು ಮೀಟರ್‌ಗೇಜ್ ದಾರಿ 1881–82ರಲ್ಲಿ ಹಂತಹಂತವಾಗಿ ತೆರೆಯಿತು. ಅದರ ಮಣ್ಣು ಕೆಲಸಕ್ಕೆ 1876–78ರ ಭೀಕರ ಬರದಲ್ಲಿ ಕೂಲಿ ಅರಸಿ ಬಂದ ಜನ ದುಡಿದರು. ಮೀಟರ್‌ಗೇಜು ಎಚ್‌ಓದಲ್ಲಿ 11.5 ಮಿಲಿಮೀಟರ್, ಸಿದ್ಧ ಹಳಿ 12 ಮಿಲಿಮೀಟರಿನದು ಸಿಗುತ್ತದೆ. ಅದೂ ಹತ್ತಿರವೇ. ಹಾಗಾಗಿ ದೊಡ್ಡಬಳ್ಳಾಪುರದ ಕಡೆಯವರು ಮಾಕಳಿದುರ್ಗದ ಬೆಟ್ಟ ಸುತ್ತುವ ಹಳೆಯ ಮೀಟರ್‌ಗೇಜ್ ತಿರುವುಗಳನ್ನು ಕಟ್ಟಬೇಕೆಂದರೆ ಮೈಸೂರಿನ ಮ್ಯೂಸಿಯಮ್ಮೇ ಅವರ ಪಾಠಶಾಲೆ.

ಮಿಕ್ಕ ತಾಣಗಳ ಬಗ್ಗೆ ಚುಟುಕಾಗಿ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಮ್ಮಿನ ಎಂಜಿನ್ ಹಾಲಿನಲ್ಲಿ ಯಂತ್ರಗಳ ಒಳಗಿನ ಚಲನೆಯನ್ನು ನಿಧಾನವಾಗಿ ನೋಡಬಹುದು. ಪಿಸ್ಟನ್ನು, ಸರಳು, ಚಕ್ರ ಯಾವುದರ ಹಿಂದೆ ಯಾವುದು ಎಂದು ತಿಳಿಯದವರು ಉಗಿ ಎಂಜಿನ್ನಿನ ಮಾದರಿಗೆ ಕೈಹಾಕಬಾರದು. ಹುಬ್ಬಳ್ಳಿಯ ರೈಲು ಮ್ಯೂಸಿಯಂ 2020ರದು, ಉತ್ತರ ಕರ್ನಾಟಕಕ್ಕೆ ಮೊದಲನೆಯದು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಮನೆಗಳೇ ಅದರ ಗ್ಯಾಲರಿ. ಅಲ್ಲಿಯ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರಮ್ಮನ್ನು ಎಚ್‌ಓದಲ್ಲಿ ಕಟ್ಟಿದರೆ 17 ಮೀಟರಿಗೂ ಮಿಕ್ಕಿ ಹೋಗುತ್ತದೆ. ಮದುವೆ ಛತ್ರವೇ ಬೇಕಾದೀತು. ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನನ್ನು ಶಂಕರ್‌ನಾಗರ ‘ಮಾಲ್ಗುಡಿ ಡೇಸ್’ ನೆನಪಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಸಣ್ಣ ಸ್ಟೇಷನ್ನೊಂದನ್ನು ಕೆಡವದೆ ಹೇಗೆ ಜನರ ತಾಣ ಮಾಡಬಹುದು ಎಂಬುದಕ್ಕೆ ಅದು ಒಳ್ಳೆಯ ಮೇಲ್ಪಂಕ್ತಿ.

ಮ್ಯೂಸಿಯಂಗಳ ಬಗ್ಗೆ ಹವ್ಯಾಸಿಗಳದ್ದು ಒಂದು ನ್ಯಾಯವಾದ ಬೇಡಿಕೆ ಇದೆ. ಎಂಜಿನ್ನಿನ ಮುಂದೆ ಅದರ ಹೆಸರು, ತಯಾರಾದ ವರ್ಷ ಬರೆದ ಫಲಕ ಇರುತ್ತದೆ. ಅದರ ಪಕ್ಕದಲ್ಲಿ ಅಳತೆಯ ನಕ್ಷೆಯೊಂದನ್ನೂ ಹಾಕಿದರೆ, ಮುಂದಿನ ಬಾಗಿಲಿನಲ್ಲಿ ಅದರ ಪ್ರತಿ ಮಾರಿದರೆ, ಶಾಲೆಯ ಮಕ್ಕಳು ರಟ್ಟಿನಲ್ಲಾದರೂ ಅದನ್ನು ಕಟ್ಟಿಯಾರು. ಕಟ್ಟಿದ ಮಗು ನೋಡಿದ ಮಗುವಿಗಿಂತ ಹೆಚ್ಚು ತಿಳಿಯುತ್ತದೆ. ಚಕ್ರಕ್ಕೆ ಒಳಬದಿಯಲ್ಲಿ ಮಾತ್ರ ಅಂಚು ಏಕೆ, ಹಳಿ ಕೂಡುವಲ್ಲಿ ನಡುವೆ ಸಂದು ಏಕೆ ಎಂಬ ಪ್ರಶ್ನೆ ಏಳುವುದೇ ಕೈ ಕೆಲಸಕ್ಕೆ ಹಚ್ಚಿದಾಗ.

ಇನ್ನು ನಂದಿ ರೈಲಿನ ಗಾಡಿಯ ಪ್ರಶ್ನೆ. ಇಲ್ಲಿ ನೆರವಿಗೆ ಬರುವುದು ಆಸ್ಟ್ರಿಯ ದೇಶ. ಅಲ್ಲಿಯ ಜಿಲ್ಲರ್ ಕಣಿವೆಯಂಥ ಬೆಟ್ಟದ ರೈಲುಗಳ ಗೇಜು 760 ಮಿಲಿಮೀಟರ್, ನಂದಿ ರೈಲಿಗಿಂತ ಎರಡೇ ಮಿಲಿಮೀಟರ್ ಕಡಿಮೆ. ಆ ರೈಲುಗಳ ಎಚ್‌ಓ ಮಾದರಿಗಳನ್ನು ಒಂಬತ್ತು ಮಿಲಿಮೀಟರ್ ಹಳಿಯ ಮೇಲೆ ಓಡುವಂತೆ ಯುರೋಪಿನ ಕಂಪನಿಗಳು ದಶಕಗಳಿಂದ ಮಾಡುತ್ತಿವೆ. ಅಂಥ ಎಂಜಿನ್ನೊಂದರ ಮೋಟರು, ಚಕ್ರಗಳನ್ನು ಉಳಿಸಿಕೊಂಡು ಮೇಲಿನ ಮೈಯನ್ನು ಹಿತ್ತಾಳೆ ತಗಡು ಅಥವಾ ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದಾಗಿ ಕಟ್ಟುವುದು ಬಲ್ಲವರ ದಾರಿ. ಅಸಲಿ ಗಾಡಿ ಓಡುವ ರೀತಿ ನೋಡಬೇಕೆಂದರೆ ಇದೇ 762 ಮಿಲಿಮೀಟರ್ ಗೇಜಿನ ಕಾಲ್ಕಾ–ಶಿಮ್ಲಾ ಮಾರ್ಗ ಇನ್ನೂ ಜೀವಂತ ಇದೆ, 2008ರಿಂದ ಯುನೆಸ್ಕೊ ಪಟ್ಟಿಯಲ್ಲೂ ಇದೆ.

ಹಳಿ ಕೊಳ್ಳುವಾಗ ಮಾತ್ರ ಕಣ್ಣು ತೆರೆದಿರಬೇಕು. ಒಂಬತ್ತು ಮಿಲಿಮೀಟರ್ ಹಳಿಯಲ್ಲಿ ಎರಡು ಜಾತಿ. ಎನ್ ಪ್ರಮಾಣದ, ಅಂದರೆ 160ರಲ್ಲಿ ಒಂದು ಪಾಲಿನ ದೊಡ್ಡ ರೈಲಿಗೆ ಮಾಡಿದ ಹಳಿಯಲ್ಲಿ ಸ್ಲೀಪರುಗಳು ಸಣ್ಣವು, ಒತ್ತೊತ್ತಾಗಿರುತ್ತವೆ. ನ್ಯಾರೋಗೇಜಿಗೆಂದೇ ಪೆಕೊ ಮುಂತಾದ ಕಂಪನಿಗಳು ಮಾಡುವ ಹಳಿಯಲ್ಲಿ ಸ್ಲೀಪರು ಉದ್ದ, ಅಂತರ ಹೆಚ್ಚು, ಸಾಲು ತುಸು ಅಂಕುಡೊಂಕು. ಬೆಲೆಯಲ್ಲಿ ಹೆಚ್ಚು ಕಡಿಮೆ ಇದ್ದರೂ ಎರಡನೆಯದನ್ನೇ ತರಬೇಕು. ಮರದ ಸ್ಲೀಪರಿನ ಹಳ್ಳಿ ರೈಲಿನ ಜೀವ ಇರುವುದು ಆ ಅಂಕುಡೊಂಕಿನಲ್ಲಿ.

ಜಾಗದ ಲೆಕ್ಕ ಕೊನೆಯದು, ಎಷ್ಟೋ ಜನ ಸೋಲುವುದೂ ಅಲ್ಲೇ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಸುಮಾರು 45 ಕಿಲೋಮೀಟರ್. 87ರಿಂದ ಭಾಗಿಸಿದರೂ ಅರ್ಧ ಕಿಲೋಮೀಟರಿಗೆ ಮಿಕ್ಕುತ್ತದೆ. ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲ್ಯಾಂಡ್ 2001ರಿಂದ ಇದೇ ಪ್ರಮಾಣದಲ್ಲಿ ದೇಶ ದೇಶಗಳನ್ನೇ ಕಟ್ಟುತ್ತ ಬಂದಿದೆ. ಅಲ್ಲಿ ಕೂಡ ಊರೂರ ನಡುವಿನ ಬಯಲನ್ನು ಕತ್ತರಿಸದೆ ಗತ್ಯಂತರವಿಲ್ಲ. ಕಟ್ಟಬೇಕಾದ್ದು ಸ್ಟೇಷನ್ನು, ಅದರ ಎರಡು ಕಡೆಯ ಒಂದೊಂದು ತಿರುವು, ಅಷ್ಟೆ. ಉದ್ದ 120, ಅಗಲ 40 ಸೆಂಟಿಮೀಟರಿನ ಒಂದು ಹಲಗೆಯಲ್ಲಿ ಒಂದು ಹಳ್ಳಿ ಸ್ಟೇಷನ್ ನೆಮ್ಮದಿಯಾಗಿ ಕೂರುತ್ತದೆ. ಬ್ರಾಡ್‌ಗೇಜಿನ ಹಳೆಯ ಐಸಿಎಫ್ ಬೋಗಿ 21 ಮೀಟರಿಗೂ ಉದ್ದ, ಎಚ್‌ಓದಲ್ಲಿ ಸುಮಾರು 245 ಮಿಲಿಮೀಟರ್. ಅಂಥ ನಾಲ್ಕು ಬೋಗಿ ನಿಂತರೇ ಹಲಗೆ ಬಹುಪಾಲು ಮುಗಿಯಿತು, ಎಂಜಿನ್ನಿಗೂ ತಿರುವಿಗೂ ಜಾಗ ಎಲ್ಲಿ? ನ್ಯಾರೋಗೇಜಿನ ಬೋಗಿಗಳು ಗಿಡ್ಡ, ತಿರುವುಗಳೂ ಬಿಗಿ. ಹಾಗಾಗಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವವರಿಗೂ ನಂದಿ ರೈಲು ದಕ್ಕುತ್ತದೆ.

ಗುಂಪಿನಲ್ಲಿ ಮಾಡುವವರು ಶುರುವಿನಲ್ಲೇ ಮೂರು ಸಂಗತಿಯಲ್ಲಿ ಒಮ್ಮತಕ್ಕೆ ಬರಬೇಕು: ಹಲಗೆಯ ಎರಡು ತುದಿಯಲ್ಲಿ ಹಳಿ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಮುಂದಿನ ಅಂಚಿನಿಂದ ಎಷ್ಟು ಒಳಗಿರಬೇಕು, ವಿದ್ಯುತ್ತಿನ ಪ್ಲಗ್ಗು ಯಾವ ಮಾದರಿಯದು. ಇದಿಷ್ಟು ಬರೆದಿಟ್ಟುಕೊಂಡರೆ ಒಬ್ಬರು ದೊಡ್ಡಜಾಲ, ಒಬ್ಬರು ದೇವನಹಳ್ಳಿ, ಒಬ್ಬರು ಆವತಿಹಳ್ಳಿ, ಒಬ್ಬರು ನಂದಿ ಹಾಲ್ಟ್ ತಮ್ಮ ತಮ್ಮ ಮನೆಯಲ್ಲಿ ಕಟ್ಟಬಹುದು. ಶಾಲೆಯ ಹಜಾರವೋ ಸಮುದಾಯ ಭವನವೋ ಸಿಕ್ಕ ದಿನ ನಾಲ್ಕನ್ನೂ ಬೋಲ್ಟು ಹಾಕಿ ಜೋಡಿಸಿದರೆ 12 ವೋಲ್ಟಿನಲ್ಲಿ ಗಾಡಿ ದೊಡ್ಡಜಾಲದಿಂದ ನಂದಿಯವರೆಗೆ ಓಡುತ್ತದೆ. ಬೆಟ್ಟಹಲಸೂರು ಮತ್ತು ವೆಂಕಟಗಿರಿಕೋಟೆ ಹಲಗೆಗಳು ಮುಂದೆ ಸೇರಿಕೊಳ್ಳುವವರಿಗೆ.